19ನೇ ತಾರೀಖಿನ ಗಡಿಬಿಡಿ, 9ನೇ ತಾರೀಖಿನ ಕೆಲಸ

ರಾಜಾಜಿನಗರದಲ್ಲಿ ನಂದೊಂದು ಸಣ್ಣ ಆಫೀಸು. ಚಿಕ್ಕಪೇಟೆಯ ಅಂಗಡಿಗಳು, ಪೀಣ್ಯದ ವರ್ಕ್‌ಶಾಪ್‌ಗಳ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುತ್ತೇನೆ. ನನ್ನ ಹೆಚ್ಚಿನ ಪಾರ್ಟಿಗಳಿಗೆ 3ಬಿ ರಿಟರ್ನ್ (ತಿಂಗಳ ಲೆಕ್ಕ ಕೊಟ್ಟು ತೆರಿಗೆ ಕಟ್ಟುವ ರಿಟರ್ನ್) ಹಾಕಲು ತಿಂಗಳ 20 ಕೊನೆ ದಿನ. 2017ರಲ್ಲಿ ಜಿಎಸ್‌ಟಿ ಬಂದಾಗಿನಿಂದ 18, 19 ಬಂತೆಂದರೆ ಊಟಕ್ಕೂ ಪುರುಸೊತ್ತಿರುತ್ತಿರಲಿಲ್ಲ. ಕಿವಿಗೆ ಫೋನು, ಕಣ್ಣಮುಂದೆ ವಾಟ್ಸಾಪ್‌ನಲ್ಲಿ ಬಂದ ಬಿಲ್ಲಿನ ಫೋಟೋ. ಮೊತ್ತ ಇರುವ ಕಡೆಯೇ ಯಾರದೋ ಹೆಬ್ಬೆರಳು!

ನಿಜ ಹೇಳಬೇಕಂದರೆ ಆ ಗಡಿಬಿಡಿ ನನಗೆ ಇಷ್ಟವೇ ಆಗಿತ್ತು. ದೊಡ್ಡ ಮನುಷ್ಯ ಅನ್ನಿಸುತ್ತಿತ್ತು.

ಒಂದು 19ರ ರಾತ್ರಿ ಸುಮ್ನೆ ಫೋನಿನ ಕಾಲ್ ಪಟ್ಟಿ ನೋಡಿದೆ. 64 ಕಾಲ್. ಅವತ್ತು ಹಾಕಿದ ರಿಟರ್ನ್ 3. ಅದೇ ಗಲಾಟೆಯಲ್ಲಿ ಒಬ್ಬರ ನಿಲ್ ರಿಟರ್ನ್ (ಆ ತಿಂಗಳು ವ್ಯಾಪಾರವೇ ಇಲ್ಲದವರು ಹಾಕುವುದು) ಮರೆತೇಹೋಗಿತ್ತು. 12 ದಿನ ಆದಮೇಲೆ ಗೊತ್ತಾಯಿತು. ದಿನಕ್ಕೆ 20 ರೂಪಾಯಿ ತಡದ ಶುಲ್ಕ, ಒಟ್ಟು 240, ನನ್ನ ಜೇಬಿಂದ. ದುಡ್ಡು ಸಣ್ಣದು, ನಾಚಿಕೆ ದೊಡ್ಡದು.

ಆ 64ರಲ್ಲಿ ಮುಕ್ಕಾಲು ಪಾಲು ಒಂದೇ ಮಾತು: 'ನಮ್ಮ ಬಿಲ್ಲು 2ಬಿಯಲ್ಲಿ ಬಂದಿಲ್ವಲ್ಲ ಸಾರ್?' 2ಬಿ ಅಂದರೆ ನಮಗೆ ಮಾರಿದವರು ತೋರಿಸಿದ ಬಿಲ್ಲುಗಳ ತಿಂಗಳ ಪಟ್ಟಿ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಬರುತ್ತದೆ. ವಿಷಯ ಇಷ್ಟೇ. ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಮಾರಾಟಗಾರ 11ನೇ ತಾರೀಖಿನೊಳಗೆ ತನ್ನ ಆರ್-1 (ಮಾರಾಟದ ಬಿಲ್ಲುಗಳ ರಿಟರ್ನ್) ಹಾಕಬೇಕು. ಹಾಕಿದರೆ ಮಾತ್ರ 14ಕ್ಕೆ ಬರುವ ನಮ್ಮ 2ಬಿಯಲ್ಲಿ ಆ ಬಿಲ್ಲು ಕಾಣುತ್ತದೆ. ಕಾಣದಿದ್ದರೆ ಈ ತಿಂಗಳು ಅದರ ಇನ್‌ಪುಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಸಿಗುವುದಿಲ್ಲ. ಸೂರತ್‌ನಿಂದ 4 ಲಕ್ಷದ ಸೀರೆ ತರಿಸಿದ್ದರೆ 5% ಲೆಕ್ಕದಲ್ಲಿ 20,000 ರೂಪಾಯಿಯ ಇನ್‌ಪುಟ್ ನಿಂತುಹೋಯಿತು. ಅಂಗಡಿಯವರು ಕೂಗಾಡದೆ ಇರ್ತಾರಾ? ಆದರೆ 19ಕ್ಕೆ ಎಷ್ಟು ಫೋನ್ ಮಾಡಿದರೂ, ಮಾರಿದವರು ತಡವಾಗಿ ಹಾಕಿದ ಬಿಲ್ಲು ಆ ತಿಂಗಳ 2ಬಿಗೆ ಬರುವುದಿಲ್ಲ. ಅಂದರೆ ನಾನು ಬೆವರು ಸುರಿಸುತ್ತಿದ್ದದ್ದು ಸತ್ತುಹೋದ ವಿಷಯಕ್ಕೆ.

ಈಗ 5ರೊಳಗೆ ಖರೀದಿ ಬಿಲ್ಲು ಕೊಡಿ ಅಂತ ಹೇಳಿದ್ದೇನೆ. ಎಲ್ಲರೂ ಕೊಡುವುದಿಲ್ಲ ಬಿಡಿ. ಕೊಟ್ಟವರದ್ದನ್ನು 9ನೇ ತಾರೀಖು ಬೆಳಿಗ್ಗೆ ಫೋನ್ ಸೈಲೆಂಟ್ ಮಾಡಿ 2ಎ ಅನ್ನುವ ಪೋರ್ಟಲ್‌ನ ಇನ್ನೊಂದು ಪಟ್ಟಿಯ ಜೊತೆ ತಾಳೆ ನೋಡುತ್ತೇನೆ. ಮಾರಿದವರು ಹಾಕಿದ ಹಾಗೆಲ್ಲ ಬಿಲ್ಲುಗಳು ಅದರಲ್ಲಿ ಬರುತ್ತಾ ಇರುತ್ತವೆ. ಬಾರದವುಗಳ ಪಟ್ಟಿ ಮಾಡಿ ಅಂಗಡಿಯವರಿಗೆ ಕಳಿಸುತ್ತೇನೆ. ಮಾರಿದವರಿಗೆ ಫೋನ್ ಮಾಡುವುದು ಅವರ ಕೆಲಸ, ನನ್ನದಲ್ಲ. ನಾನು ಹತ್ತು ಸಲ ಕೇಳಿದರೂ ಆಗದ್ದು ದುಡ್ಡು ಕೊಡುವ ಗಿರಾಕಿ ಒಂದು ಸಲ ಗದರಿದರೆ ಆಗುತ್ತೆ.

ಕಳೆದ ತಿಂಗಳು 19ಕ್ಕೆ ಚಿಕ್ಕಪೇಟೆಯ ಸಾಹುಕಾರರೊಬ್ಬರು ಆಫೀಸಿಗೆ ಬಂದರು. ನಾನು ಕಾಫಿ ಕುಡೀತಾ ಪೇಪರ್ ಓದ್ತಿದ್ದೆ. ಸುತ್ತ ನೋಡಿ, 'ಏನ್ ಸಾರ್, ಕೆಲಸ ಕಮ್ಮಿ ಆಗಿದೆ ಅನ್ಸುತ್ತೆ. ಹಾಗಾದ್ರೆ ಫೀಸೂ ಸ್ವಲ್ಪ ನೋಡಿ ಹಾಕಿ' ಅಂದರು. ಅವರ ರಿಟರ್ನ್ 16ಕ್ಕೇ ಹೋಗಿತ್ತು. ಕಾಫಿ ತರಿಸಿಕೊಟ್ಟೆ. ಫೀಸು ಇಳಿಸಲಿಲ್ಲ.