ಕೊಲೆ ಪ್ರಕರಣದಲ್ಲಿ ಜಾಮೀನು: ತುಮಕೂರಿನಲ್ಲಿ ನಾನು ಅರ್ಜಿ ಹಾಕಿದ ಬಗೆ

ತುಮಕೂರಿನ ಜಿಲ್ಲಾ ಮತ್ತು ಸತ್ರ ನ್ಯಾಯಾಲಯದಲ್ಲಿ ಆರೋಪಿಗಳ ಪರ ವಕಾಲತ್ತು ವಹಿಸುವ ನನ್ನ ಬಳಿ ಕೊಲೆ ಪ್ರಕರಣ ಹಿಡಿದು ಬರುವವರೆಲ್ಲರೂ ಮೊದಲು ಕೇಳುವುದು, ‘ಬೇಲ್ ಯಾವಾಗ ಆಗುತ್ತೆ ಸ್ವಾಮಿ?’ ಎಂದು. ಇಂಥ ಪ್ರಕರಣಗಳಲ್ಲಿ ವಾದದ ಬಿರುಸಿಗಿಂತ ಅರ್ಜಿ ಹಾಕುವ ಸಮಯವೇ ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಗುಬ್ಬಿ ಕಡೆಯ ಒಂದು ಪ್ರಕರಣದಲ್ಲಿ ತೆಂಗಿನ ತೋಟದ ಬದುವಿಗಾಗಿ ದಾಯಾದಿಗಳ ನಡುವೆ ನಡೆದ ಜಗಳ ಕೊಲೆಯಲ್ಲಿ ಮುಗಿದಿತ್ತು. ಫಿರ್ಯಾದಿನಲ್ಲಿ ಒಂದೇ ಮನೆಯ ನಾಲ್ವರ ಹೆಸರಿದ್ದವು. ಒಂದನೇ ಆರೋಪಿ ಮಚ್ಚಿನಿಂದ ತಲೆಗೆ ಹೊಡೆದ, ಎರಡನೆಯವನು ದೊಣ್ಣೆಯಿಂದ ಬೆನ್ನಿಗೆ ಹೊಡೆದ, ಇಬ್ಬರು ಹೆಂಗಸರು ‘ಬಿಡಬೇಡಿ ಅವನನ್ನ’ ಎಂದು ಕೂಗಿದರು ಎಂದು ಅದರಲ್ಲಿ ಬರೆದಿತ್ತು. ಭಾರತೀಯ ನ್ಯಾಯ ಸಂಹಿತೆಯಲ್ಲಿ ಕೊಲೆಗೆ ಶಿಕ್ಷೆ ಹೇಳುವ 103ನೇ ಕಲಮಿನ ಜೊತೆಗೆ ಸಮಾನ ಉದ್ದೇಶದ 3(5)ನೇ ಕಲಮನ್ನೂ ಸೇರಿಸಿದ್ದರಿಂದ, ಕಾಗದದ ಮೇಲೆ ನಾಲ್ವರೂ ಒಂದೇ ಅಪರಾಧಕ್ಕೆ ಹೊಣೆಗಾರರಾಗಿ ಕಾಣುತ್ತಿದ್ದರು.

ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧದಲ್ಲಿ ಮ್ಯಾಜಿಸ್ಟ್ರೇಟರ ಕೈ ಬಹುಮಟ್ಟಿಗೆ ಕಟ್ಟಿರುತ್ತದೆ. ಹೆಂಗಸರು, ಮಕ್ಕಳು ಮತ್ತು ರೋಗಿಗಳ ವಿಷಯದಲ್ಲಿ ಮಾತ್ರ ಕ್ರಿಮಿನಲ್ ಪ್ರಕರಣಗಳ ನಡಾವಳಿಯನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 480ನೇ ಕಲಮು ವಿನಾಯಿತಿಗೆ ಅವಕಾಶ ಕೊಟ್ಟಿದೆ. ಉಳಿದವರು 483ರ ಅಡಿಯಲ್ಲಿ ಸತ್ರ ನ್ಯಾಯಾಲಯಕ್ಕೋ ಹೈಕೋರ್ಟಿಗೋ ಹೋಗಬೇಕು. ಆದ್ದರಿಂದ ಹೆಂಗಸರಿಬ್ಬರ ಅರ್ಜಿಯನ್ನು ತಡಮಾಡದೆ ಹಾಕಿದೆ. ಅವರ ಕೈಯಲ್ಲಿ ಆಯುಧವಿತ್ತೆಂದು ಫಿರ್ಯಾದಿಯೇ ಹೇಳಿರಲಿಲ್ಲವಾದ್ದರಿಂದ ಜಾಮೀನು ಸಿಗುವುದು ಕಷ್ಟವಾಗಲಿಲ್ಲ.

ಎರಡನೇ ಆರೋಪಿಯ ತಾಯಿ ಮಾತ್ರ ದಿನವೂ ಬಂದು, ‘ನನ್ನ ಮಗಂದೂ ಈಗಲೇ ಹಾಕಿ ಸ್ವಾಮಿ’ ಎಂದು ಒತ್ತಾಯಿಸುತ್ತಿದ್ದರು. ‘ಸ್ವಲ್ಪ ತಾಳಿ ಅಮ್ಮಾ, ಆರೋಪಪಟ್ಟಿ ಬರಲಿ’ ಎಂದೆ. ತನಿಖೆ ನಡೆಯುತ್ತಿರುವಾಗ ನಮ್ಮ ಕೈಯಲ್ಲಿರುವುದು ಎಫ್‌ಐಆರ್ ಮತ್ತು ರಿಮಾಂಡ್ ಅರ್ಜಿಯ ಪ್ರತಿ ಮಾತ್ರ. ಆಗ ಅರ್ಜಿ ಹಾಕಿದರೆ ಸರ್ಕಾರಿ ಅಭಿಯೋಜಕರು ‘ತನಿಖೆ ಬಾಕಿ ಇದೆ, ಸಾಕ್ಷಿಗಳೆಲ್ಲ ಅದೇ ಊರಿನವರು’ ಎಂದು ತಕರಾರು ಸಲ್ಲಿಸುತ್ತಾರೆ, ಅರ್ಜಿ ವಜಾ ಆಗುತ್ತದೆ. ಒಮ್ಮೆ ವಜಾ ಆದ ಮೇಲೆ ಪರಿಸ್ಥಿತಿ ಬದಲಾಗಿದೆ ಎಂದು ತೋರಿಸದೆ ಎರಡನೇ ಅರ್ಜಿಗೆ ಬಲವಿರುವುದಿಲ್ಲ.

ಈ ನಡುವೆ ದಿನಗಳ ಲೆಕ್ಕವನ್ನೂ ಇಡಬೇಕು. ಕೊಲೆ ಪ್ರಕರಣದಲ್ಲಿ 90 ದಿನಗಳೊಳಗೆ ಆರೋಪಪಟ್ಟಿ ಬಾರದಿದ್ದರೆ ಅದೇ ಸುರಕ್ಷಾ ಸಂಹಿತೆಯ 187(3)ನೇ ಕಲಮಿನಂತೆ ಜಾಮೀನು ಆರೋಪಿಯ ಹಕ್ಕಾಗುತ್ತದೆ, ಅಪರಾಧದ ಗಾಂಭೀರ್ಯ ಅದಕ್ಕೆ ಅಡ್ಡಬರುವುದಿಲ್ಲ. ಆದರೆ ಆರೋಪಪಟ್ಟಿ ನ್ಯಾಯಾಲಯ ತಲುಪುವ ಮೊದಲೇ ಅರ್ಜಿ ಕೊಟ್ಟಿರಬೇಕು. ನಮ್ಮ ಪ್ರಕರಣದಲ್ಲಿ ಪೊಲೀಸರು ಗಡುವಿನೊಳಗೇ ಆರೋಪಪಟ್ಟಿ ಸಲ್ಲಿಸಿದರು.

ಅದರ ಜೊತೆ ಬಂದ ಮರಣೋತ್ತರ ಪರೀಕ್ಷೆಯ ವರದಿಯನ್ನು ನಾನು ಮೊದಲು ತೆರೆದೆ. ತಲೆಯ ಎಡಭಾಗದಲ್ಲಿ ಮಚ್ಚಿನ ಆಳವಾದ ಗಾಯ ಒಂದಿತ್ತು. ಬೆನ್ನಿನ ಮೇಲೆ ಬಾಸುಂಡೆಯಾಗಲಿ ಕಂದಿದ ಗುರುತಾಗಲಿ ಇರಲಿಲ್ಲ. ದೊಣ್ಣೆಯನ್ನು ವಶಪಡಿಸಿಕೊಂಡ ಮಹಜರಿನಲ್ಲಿಯೂ ಅದರ ಮೇಲೆ ರಕ್ತದ ಕಲೆಯ ಉಲ್ಲೇಖವಿರಲಿಲ್ಲ. ನನ್ನ ವಾದವನ್ನು ಈ ಎರಡು ಹಾಳೆಗಳಿಗೇ ಸೀಮಿತಗೊಳಿಸಿ, ಸಾಕ್ಷಿಗಳು ಸುಳ್ಳು ಹೇಳುತ್ತಿದ್ದಾರೆ ಎಂಬ ಮಾತನ್ನೇ ಎತ್ತಲಿಲ್ಲ. ಜಾಮೀನಿನ ಹಂತದಲ್ಲಿ ನ್ಯಾಯಾಧೀಶರು ನೋಡುವುದು ಮೇಲ್ನೋಟಕ್ಕೆ ಆರೋಪವಿದೆಯೇ, ಆ ವ್ಯಕ್ತಿಯ ಪಾತ್ರವೇನು, ಅವನು ಪರಾರಿಯಾಗುವನೇ, ಸಾಕ್ಷಿಗಳನ್ನು ಹೆದರಿಸುವನೇ ಎಂಬುದನ್ನೇ ಹೊರತು ತಪ್ಪಿತಸ್ಥನೋ ಅಲ್ಲವೋ ಎಂಬುದನ್ನಲ್ಲ. ನಟ ದರ್ಶನ್ ಆರೋಪಿಯಾಗಿರುವ ಕೊಲೆ ಪ್ರಕರಣದಲ್ಲಿ ಹೈಕೋರ್ಟ್ ಕೊಟ್ಟಿದ್ದ ಜಾಮೀನನ್ನು 2025ರ ಆಗಸ್ಟ್ 14ರಂದು ರದ್ದುಪಡಿಸಿದಾಗ, ಸಾಕ್ಷ್ಯವನ್ನು ವಿಚಾರಣೆಯಲ್ಲಿ ತೂಗುವಂತೆ ಜಾಮೀನಿನ ಹಂತದಲ್ಲೇ ತೂಗಿದ್ದನ್ನು ಸುಪ್ರೀಂ ಕೋರ್ಟ್ ಆಕ್ಷೇಪಿಸಿತ್ತು. ದೊಡ್ಡವರಿಗೆ ಬೇಗ ಬೇಲ್ ಸಿಗುತ್ತದೆ ಎಂದು ಕಕ್ಷಿದಾರರು ಗೊಣಗಿದಾಗ ನಾನು ಈ ಆದೇಶವನ್ನು ನೆನಪಿಸುವುದುಂಟು.

ಮೃತನ ಹೆಂಡತಿಯ ಪರವಾಗಿಯೂ ವಕೀಲರೊಬ್ಬರು ಹಾಜರಾಗಿ, ಆರೋಪಿ ಊರಿಗೆ ಮರಳಿದರೆ ತಾವು ತೋಟಕ್ಕೆ ಕಾಲಿಡುವಂತಿಲ್ಲ ಎಂದು ಹೇಳಿದರು. ಸಂತ್ರಸ್ತರ ಮಾತು ಕೇಳಬೇಕೆಂದು ಉತ್ತರ ಪ್ರದೇಶದಲ್ಲಿ ರೈತರ ಮೇಲೆ ವಾಹನ ಹರಿಸಿದ ಲಖಿಂಪುರ ಖೇರಿ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ, ಮತ್ತು ಆ ಭಯ ನನಗೂ ನಿಜವೆಂದೇ ತೋರಿತು. ಅದನ್ನು ಅಲ್ಲಗಳೆಯುವ ಬದಲು, ವಿಚಾರಣೆ ಮುಗಿಯುವವರೆಗೂ ಗುಬ್ಬಿ ತಾಲ್ಲೂಕಿಗೆ ಹೋಗದೆ ಶಿರಾದ ನೆಂಟರ ಮನೆಯಲ್ಲಿರಲು ನನ್ನ ಕಕ್ಷಿದಾರ ಸಿದ್ಧನಿದ್ದಾನೆ ಎಂದು ನಾನೇ ಮುಂದಾಗಿ ತಿಳಿಸಿ, ನೆಂಟರ ಆಧಾರ್ ಪ್ರತಿಯನ್ನೂ ಲಗತ್ತಿಸಿದೆ.

ಎರಡನೇ ಆರೋಪಿಗೆ ಆ ಷರತ್ತಿನ ಮೇಲೆಯೇ ಜಾಮೀನು ಸಿಕ್ಕಿತು. ಒಂದನೇ ಆರೋಪಿಯ ಅರ್ಜಿ ವಜಾ ಆಯಿತು, ಅದು ತಪ್ಪು ಆದೇಶವೆಂದು ನಾನು ಹೇಳಲಾರೆ. ಆದೇಶವಾದ ಮೇಲೂ ಬಿಡುಗಡೆ ತಡವಾಯಿತು. ಷೂರಿಟಿ ನಿಲ್ಲಲು ಬಂದವನ ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇದ್ದುದರಿಂದ, ಬೇರೆ ಜಾಮೀನುದಾರನನ್ನು ಹುಡುಕಿ ತರಬೇಕಾಯಿತು.