ಡಿಗ್ರಿ ಆಯ್ತು, ಇನ್ನು ಹತ್ತು ದಿನ ರೊಟ್ಟಿ ಕೇಂದ್ರದಲ್ಲಿ

ಕಲಬುರಗಿಯ ಲೈಬ್ರರಿಗಳಲ್ಲಿ ಬೆಳಗ್ಗೆಯೇ ಜಾಗ ಸಿಗುವುದಿಲ್ಲ. ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಪುಸ್ತಕ ಹಿಡಿದು ಕೂತವರೇ ಜಾಸ್ತಿ. ಓದಬೇಡಿ ಅಂತ ಹೇಳುತ್ತಿಲ್ಲ. ಆದರೆ ಅದರ ಜೊತೆಗೇ ನೋಡಬಹುದಾದ ಇನ್ನೊಂದು ದಾರಿ ಮನೆ ಹತ್ತಿರವೇ ಇದೆ: ಸಾಮಾಜಿಕ ಉದ್ಯಮ. ಹೆಸರು ಕೇಳಿ ದಾನಧರ್ಮ ಅಂದುಕೊಳ್ಳಬೇಡಿ. ಇಲ್ಲೂ ಮಾಲು ಮಾರಬೇಕು, ಸಂಬಳ ಕೊಡಬೇಕು, ಲಾಭ ಉಳಿಯಬೇಕು. ಆ ಲಾಭ ಬೆಳೆದವರ, ದುಡಿದವರ ಕೈಗೆ ಹೋಗಬೇಕು, ಅಷ್ಟೇ.

ಕಲಬುರಗಿ ರೊಟ್ಟಿಯನ್ನೇ ನೋಡಿ. ಜಿಲ್ಲಾಡಳಿತ ಮುಂದೆ ನಿಂತು, ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಬಡಿದ ಜೋಳದ ರೊಟ್ಟಿಗೆ ಒಂದು ಬ್ರಾಂಡ್ ಮಾಡಿತು. 2025ರಲ್ಲಿ ಪ್ರಧಾನಿಯವರ ‘ಮನ್ ಕಿ ಬಾತ್’ನಲ್ಲೂ ಅದರ ಹೆಸರು ಬಂತು. ರೊಟ್ಟಿ ಬಡಿಯುವ ಕೈಗಳಿಗೆ ನಮ್ಮಲ್ಲಿ ಕೊರತೆ ಇಲ್ಲ. ಲೆಕ್ಕ, ಆರ್ಡರ್, ಪ್ಯಾಕಿಂಗ್ ನೋಡುವವರು ಬೇಕು. ಬಿ.ಕಾಂ., ಬಿ.ಎ., ಬಿ.ಎಸ್ಸಿ. ಆದವರಿಗೆ ಕೆಲಸ ಇರುವುದು ಅಲ್ಲೇ.

ಮೊದಲು ಒಂದು ಮಾಲು ಹಿಡಿಯಿರಿ

‘ಸಮಾಜಸೇವೆ ಮಾಡ್ತೀನಿ’ ಅಂತ ಹೊರಟರೆ ಎಲ್ಲಿಗೂ ಮುಟ್ಟುವುದಿಲ್ಲ. ನಿಮಗೆ ಚಿಕ್ಕಂದಿನಿಂದ ಗೊತ್ತಿರುವ ಒಂದು ಮಾಲು ಆರಿಸಿಕೊಳ್ಳಿ. ಕಲಬುರಗಿಯವರಿಗೆ ತೊಗರಿ ಇದೆ. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಮಾಲು ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ. ಬೀದರಿನವರಿಗೆ ಬಿದ್ರಿ ಕೆಲಸ ಇದೆ. ಸತುವಿನ ಮೇಲೆ ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣಿನಲ್ಲಿ ಕಪ್ಪು ಮಾಡುವ ಆ ಕಲೆಗೆ ಒಳ್ಳೆ ಫೋಟೋ ತೆಗೆದು ಆನ್‌ಲೈನ್‌ನಲ್ಲಿ ಮಾರುವವರು ಬೇಕು.

ಹತ್ತು ದಿನ ಅಲ್ಲೇ ಕೂಡಿ

ಅರ್ಜಿ ಹಾಕುವ ಮೊದಲು ಇದನ್ನು ಮಾಡಿ. ಒಂದು ರೊಟ್ಟಿ ಕೇಂದ್ರಕ್ಕೋ, ರೈತರೇ ಸೇರಿ ಕಟ್ಟಿಕೊಂಡ ರೈತ ಉತ್ಪಾದಕ ಕಂಪನಿಗೋ ಹೋಗಿ, ‘ಹತ್ತು ದಿನ ಕಲಿಯಲಿಕ್ಕೆ ಬರ್ತೀನಿ, ದುಡ್ಡು ಬೇಡ’ ಅಂತ ಕೇಳಿ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಬಸ್ ಇದೆ. ಯುವನಿಧಿಯ 3,000 ರೂಪಾಯಿ ಬರುತ್ತಿದ್ದರೆ ಚಹಾ, ಊಟದ ಖರ್ಚಿಗೆ ಆಗುತ್ತದೆ.

ನಾನು ಹಾಗೆ ಹೋಗಿ ಕೂತಿದ್ದ ಕೇಂದ್ರದಲ್ಲಿ ಕಡಕ್ ರೊಟ್ಟಿಯನ್ನು ಹತ್ತರಂತೆ ಎಣಿಸಿ ಕವರಿಗೆ ಹಾಕುತ್ತಿದ್ದರು. ಮೂಲೆಯ ಬುಟ್ಟಿಯಲ್ಲಿ ಮುರಿದ ರೊಟ್ಟಿ ತುಂಬಿತ್ತು. ಅಲ್ಲಿನ ಅಕ್ಕ ಅಂದರು: ‘ತಮ್ಮಾ, ರೊಟ್ಟಿ ನಾವು ಬಡೀತೀವಿ. ಮುರದದ್ದರ ಲೆಕ್ಕ ಯಾರು ಬರೀಬೇಕು?’

ಅವತ್ತೇ ಬರೆಯಲು ಶುರು ಮಾಡಿದೆ. ನೀವೂ ಹೀಗೆ ಬರೆದು ನೋಡಿ. ಒಂದು ರೊಟ್ಟಿಗೆ 8 ರೂಪಾಯಿ ಬೆಲೆ, ಹಿಟ್ಟು, ಉರುವಲು, ಕೂಲಿ, ಕವರ್ ಸೇರಿ 6 ರೂಪಾಯಿ ಖರ್ಚು ಅಂದುಕೊಳ್ಳಿ. ನೂರು ರೊಟ್ಟಿಗೆ 200 ರೂಪಾಯಿ ಉಳಿಯಬೇಕು. ದಾರಿಯಲ್ಲಿ 12 ಮುರಿದರೆ 96 ರೂಪಾಯಿ ಹೋಯ್ತು. ಮುರಿದದ್ದು ಹನ್ನೆರಡೇ, ಹೋದದ್ದು ಹೆಚ್ಚುಕಡಿಮೆ ಅರ್ಧ ಲಾಭ. ಗಟ್ಟಿ ಡಬ್ಬಿಗೆ ಪ್ರತಿ ರೊಟ್ಟಿಗೆ ಅರ್ಧ ರೂಪಾಯಿ ಜಾಸ್ತಿ ಕೊಟ್ಟರೂ ಲಾಭವೇ ಅಲ್ವಾ? ಇಂಥ ಒಂದು ಪುಟದ ಲೆಕ್ಕ ನಿಮ್ಮ ಬಯೋಡೇಟಾಕ್ಕಿಂತ ಚೆನ್ನಾಗಿ ಮಾತಾಡುತ್ತದೆ. ಕೆಲಸ ಕೇಳಲು ಹೋದಾಗ ಅದನ್ನೇ ಮುಂದಿಡಿ.

ಎಲ್ಲಿ ಕೇಳಬೇಕು?

ಮೊದಲ ಬಾಗಿಲು ಕೃಷಿ ಮತ್ತು ತೋಟಗಾರಿಕೆ ಇಲಾಖೆ. ತಾಲ್ಲೂಕಿನ ರೈತ ಉತ್ಪಾದಕ ಕಂಪನಿಗಳು ಎಲ್ಲಿವೆ ಅಂತ ಅಲ್ಲಿ ಕೇಳಿ. ಎರಡನೆಯದು ಜಿಲ್ಲಾ ಪಂಚಾಯಿತಿಯ ಸಂಜೀವಿನಿ ವಿಭಾಗ, ಸ್ವಸಹಾಯ ಸಂಘಗಳ ಒಕ್ಕೂಟಗಳ ಕೆಲಸ ನೋಡುವುದು ಅದೇ. ಸ್ವಲ್ಪ ದೂರ ಹೋಗಲು ತಯಾರಿದ್ದರೆ ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್ ಇದೆ. ಬಡವರ ಮನೆಗೆ ಸೋಲಾರ್ ದೀಪ ಮಾರಿಯೂ ಕಂಪನಿ ನಡೆಸಬಹುದು ಅಂತ 1995ರಿಂದ ತೋರಿಸುತ್ತಿರುವ ಸೆಲ್ಕೋ ಇದೆ. ಹಳ್ಳಿಯಲ್ಲಿದ್ದು ಕಲಿಯಬೇಕು ಅನ್ನುವವರಿಗೆ ಎಸ್‌ಬಿಐ ಯೂತ್ ಫಾರ್ ಇಂಡಿಯಾದ 13 ತಿಂಗಳ ಫೆಲೋಶಿಪ್, ಎರಡು ವರ್ಷದ ಗಾಂಧಿ ಫೆಲೋಶಿಪ್ ಇವೆ. ಇಂಗ್ಲಿಷ್ ಬರುವುದಿಲ್ಲ ಅಂತ ಹಿಂದೆ ಸರಿಯಬೇಡಿ. ರೈತರ ಸಭೆಯಲ್ಲಿ ನಮ್ಮ ಕಡೆಯ ಮಾತು ಆಡಬಲ್ಲವರ ಬೆಲೆ ಇಲ್ಲಿ ದೊಡ್ಡದು.

ಸೇರುವ ಮೊದಲು ಕೇಳಿ

ಇದನ್ನು ನಾನು ನೋವಿನಿಂದ ಕಲಿತೆ. ಒಂದು ಸಂಸ್ಥೆಗೆ ಬರೀ ಬಾಯಿಮಾತಿನ ಮೇಲೆ ಸೇರಿ ನಾಲ್ಕು ತಿಂಗಳು ಸಂಬಳ ಕಾಣಲಿಲ್ಲ. ಸಂಬಳ ಎಷ್ಟು, ಯಾವ ತಾರೀಕಿಗೆ ಅನ್ನುವುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ರೈತ ಕಂಪನಿಯಾದರೆ ಇನ್ನೊಂದು ಮಾತು ಕೇಳಲೇಬೇಕು. 2020ರಲ್ಲಿ ಬಂದ ಕೇಂದ್ರ ಸರ್ಕಾರದ 10,000 ಎಫ್‌ಪಿಒ (ರೈತ ಉತ್ಪಾದಕ ಸಂಸ್ಥೆ) ಯೋಜನೆಯಲ್ಲಿ ಸಿಇಒ, ಲೆಕ್ಕಿಗರ ಸಂಬಳಕ್ಕೆ ನೆರವು ಸಿಗುವುದು ಮೂರು ವರ್ಷ ಮಾತ್ರ. ‘ಮೂರು ವರ್ಷ ಮುಗಿದಿದೆಯಾ? ಈಗ ಸಂಬಳ ಯಾವ ದುಡ್ಡಿನಿಂದ?’ ಅಂತ ಕೇಳಿ. ವ್ಯಾಪಾರದಿಂದಲೇ ಕೊಡುತ್ತಿದ್ದಾರೆ ಅಂದರೆ ಧೈರ್ಯವಾಗಿ ಸೇರಿ. ಉತ್ತರ ತಡವರಿಸಿದರೆ ಕಳೆದ ವರ್ಷದ ಜಮಾ-ಖರ್ಚು ತೋರಿಸಲು ಹೇಳಿ.

ಮನೆಯವರಿಗೆ ಏನು ಹೇಳುವುದು?

‘ಇದೂ ಒಂದು ನೌಕರಿನಾ?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ವಾದ ಮಾಡಬೇಡಿ. ತೊಗರಿ ಖರೀದಿ ನಡೆಯುವ ಒಂದು ದಿನ ಅಪ್ಪನನ್ನೇ ಕಂಪನಿಗೆ ಕರೆದುಕೊಂಡು ಹೋಗಿ. ವರ್ಷವರ್ಷ ಗಂಜ್ ಮಾರುಕಟ್ಟೆಯಲ್ಲಿ ಚೀಲ ಇಳಿಸಿ, ಹೇಳಿದ ದರಕ್ಕೆ ಕೊಟ್ಟು ಬಂದವರು ಅವರು. ತೂಕದ ಯಂತ್ರದ ಮುಂದೆ ನಿಲ್ಲಿಸಿ, ಅಂಕಿ ಅವರೇ ಓದಲಿ. ಚೀಟಿ ನೀವು ಬರೆದುಕೊಡಿ.