ಟಾರ್ಚ್ ಹಾಕಿ ನಾಲಿಗೆ ನೋಡ್ಕೊಳ್ತಿದ್ದ ಮೂರು ತಿಂಗಳು

ಒಂದು ಸಲ ಕಾಂಡೋಮ್ ಇಲ್ದೆ ಎಡವಟ್ಟು ಮಾಡ್ಕೊಂಡೆ, ಯಾರು ಎಲ್ಲಿ ಅನ್ನೋದೆಲ್ಲ ಬೇಡ. ಮೂರು ವಾರ ಆರಾಮಾಗೇ ಇದ್ದೆ, ಆಮೇಲೆ ಒಂದಿನ ಪಿಜಿಲಿ ಹಲ್ಲುಜ್ಜುವಾಗ ನಾಲಿಗೆ ಬೆಳ್ಳಗೆ ಕಾಣ್ತು, ಎಚ್‌ಐವಿ ಬಂದಿರ್ಬಹುದಾ ಅನ್ನೋ ಭಯ ಅವತ್ತಿಂದ ಶುರು ನೋಡಿ. ಬಾತ್‌ರೂಮಿಗೆ ಹೋದಾಗಲೆಲ್ಲ ಮೊಬೈಲ್ ಟಾರ್ಚ್ ಹಾಕಿ ಬಾಯಿ ತೆಗೆಯೋದು, ಫೋಟೋ ಹೊಡೆಯೋದು, ನಿನ್ನೆ ಫೋಟೋ ಪಕ್ಕ ಇಟ್ಟು ನೋಡೋದು. ನಾಲಿಗೆ ಬುಡದಲ್ಲಿ ಗುಳ್ಳೆ ಸಾಲು ಕಂಡು ಒಂದು ರಾತ್ರಿ ಪೂರ್ತಿ ನಿದ್ದೆ ಇಲ್ಲ. ಅದು ಎಲ್ರಿಗೂ ಇರೋದೇ ಅಂತೆ, ರೂಮ್‌ಮೇಟ್ ಆಕಳಿಸಿದಾಗ ಅವನ ಬಾಯೊಳಗೂ ಇಣುಕಿದೀನಿ, ನಾಚಿಕೆಗೇಡು.

ಬಾಯಿಗೆ ಫಂಗಸ್ ಆದ್ರೆ ಆ ಬಿಳಿ ಪದರ ಕೆರೆದ್ರೆ ಬರುತ್ತೆ, ಎಚ್‌ಐವಿಲಿ ನಾಲಿಗೆ ಅಂಚಿಗೆ ಬರೋ ಇನ್ನೊಂದು ಬಿಳಿ ಮಚ್ಚೆ ಕೆರೆದ್ರೂ ಬರಲ್ಲ ಅಂತ ಎಲ್ಲೋ ಓದಿದ್ದೆ. ಸ್ಟೀಲ್ ಟಂಗ್ ಕ್ಲೀನರ್ ತಗೊಂಡು ಕೆರೆದಿದ್ದೇ ಕೆರೆದಿದ್ದು, ಬಂದ್ರೂ ಭಯ ಬರದಿದ್ರೂ ಭಯ, ಕೊನೆಗೆ ರಕ್ತ ಬಂತು, ಉರಿ ಶುರುವಾಯ್ತು, ಆ ಉರಿಯನ್ನೂ ಲಕ್ಷಣದ ಲೆಕ್ಕಕ್ಕೇ ಸೇರಿಸ್ಕೊಂಡೆ. ಅಮ್ಮಂಗೆ ಬಾಯಿ ಉರಿ ಅಂದ್ರೆ, ‘ಉಷ್ಣ ಆಗಿರುತ್ತೆ ಕಣೋ, ಕೊಬ್ಬರಿ ಗಸಗಸೆ ಅಗಿ’ ಅಂದ್ರು. ಅವ್ರಿಗೇನು ಹೇಳ್ಲಿ.

ಐದನೇ ವಾರ ಟೆರೇಸ್ ಮೇಲೆ ಹೋಗಿ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡ್ದೆ. ಬಾಯಿ ನೋಡಿ ಹೇಳೋಕಾಗಲ್ಲ, ಸರ್ಕಾರಿ ಆಸ್ಪತ್ರೆಲಿ ಎಚ್‌ಐವಿ ಟೆಸ್ಟ್ ಮಾಡಿ ಸಲಹೆ ಕೊಡೋ ಐಸಿಟಿಸಿ ಕೇಂದ್ರಕ್ಕೆ ಹೋಗಿ, ಫ್ರೀ ಅಂದ್ರು. ಅಲ್ಲಿ ಆಪ್ತಸಮಾಲೋಚಕಿ ಮೇಡಂ ಕೇಳಿದ ಮೊದಲನೇ ಪ್ರಶ್ನೆ ‘ಎಷ್ಟು ದಿನ ಆಯ್ತಪ್ಪ?’ 72 ಗಂಟೆ ಒಳಗೆ ಬಂದಿದ್ರೆ ತಡೆಯೋಕೆ 28 ದಿನದ ಮಾತ್ರೆ ಇದೆ, ನಂಗೆ ಅದು ಗೊತ್ತೇ ಇರ್ಲಿಲ್ಲ, ನಿಮಗೆ ಆ ಟೈಮ್ ಇನ್ನೂ ಇದ್ರೆ ಇದನ್ನ ಓದ್ತಾ ಕೂರಬೇಡಿ, ಎದ್ದು ಹೋಗಿ. ಬಾಯಿ ಫಂಗಸ್ ಬಗ್ಗೆನೂ ಕೇಳ್ದೆ. ಅದು ಸಾಮಾನ್ಯವಾಗಿ ಟ್ರೀಟ್‌ಮೆಂಟ್ ಇಲ್ದೆ ವರ್ಷಗಟ್ಟಲೆ ಆಗಿ ಸಿಡಿ4, ಅಂದ್ರೆ ರೋಗದ ವಿರುದ್ಧ ಹೋರಾಡೋ ರಕ್ತಕಣಗಳ ಲೆಕ್ಕ, 200ಕ್ಕಿಂತ ಕೆಳಗೆ ಬಿದ್ದವರಲ್ಲಿ ನೋಡ್ತೀವಿ, ಐದು ವಾರಕ್ಕೆ ನಾಲಿಗೆ ನೋಡ್ಕೊಂಡು ಏನೂ ತೀರ್ಮಾನ ಮಾಡ್ಬೇಡ ಅಂದ್ರು. ಬಾಗಿಲು ಹಾಕಿ ರಿಸಲ್ಟ್ ಹೇಳಿದ್ರು, ನಾನ್ ರಿಯಾಕ್ಟಿವ್, ಅಂದ್ರೆ ನೆಗೆಟಿವ್. ಮೂರು ತಿಂಗಳು ತುಂಬಿದ ಮೇಲೆ ಇನ್ನೊಂದು ಸಲ ಬಾ ಅಂದ್ರು.

ನಂಗೆಲ್ಲಿ ತಾಳ್ಮೆ, 50ನೇ ದಿನ ಪ್ರೈವೇಟ್ ಲ್ಯಾಬಲ್ಲಿ ವೈರಸ್ಸಿನ ಅಂಶ, ಆಂಟಿಬಾಡಿ ಎರಡನ್ನೂ ಹುಡುಕೋ ಫೋರ್ತ್ ಜನರೇಷನ್ ಟೆಸ್ಟ್ ಮಾಡಿಸ್ದೆ, ಅದು 45 ದಿನ ಆದ್ಮೇಲೆ ನಂಬಬಹುದು. ನೆಗೆಟಿವ್. ಎರಡು ದಿನ ಖುಷಿ, ಮೂರನೇ ದಿನ ಸ್ಯಾಂಪಲ್ ಅದಲು ಬದಲಾಗಿದ್ರೆ ಅಂತ ತಲೆಗೆ ಹೊಕ್ತು. ಮೂರು ತಿಂಗಳಿಗೆ ಐಸಿಟಿಸಿಲೂ ನೆಗೆಟಿವ್, ಆದ್ರೂ ಮತ್ತೆ ಹೋದೆ. ‘ಇನ್ನು ಟೆಸ್ಟ್ ಮಾಡಲ್ಲಪ್ಪ, ಹಲ್ಲಿನ ಡಾಕ್ಟರಿಗೆ ತೋರ್ಸು, ಮನಸ್ಸಿನ ಡಾಕ್ಟರಿಗೂ ತೋರ್ಸು’ ಅಂತ ಮೇಡಂ ನೇರವಾಗೇ ಹೇಳಿದ್ರು.

ಹಲ್ಲಿನ ಡಾಕ್ಟರು ಒಂದೇ ನಿಮಿಷ ನೋಡಿದ್ದು. ಕೆನ್ನೆ ಒಳಗಿನ ಬಿಳಿ ಗೆರೆ ಹಲ್ಲು ಕೂಡೋ ಜಾಗದ್ದು, ನಾಲಿಗೆ ಮೇಲೆ ಮ್ಯಾಪ್ ಥರ ಕೆಂಪು ಮಚ್ಚೆ ಜಾಗ ಬದಲಾಯಿಸ್ತಿದ್ದಿದ್ದು ಜಿಯೋಗ್ರಾಫಿಕ್ ಟಂಗ್, ಏನೂ ತೊಂದ್ರೆ ಇಲ್ಲ, ಗಾಯ ಮಾತ್ರ ನೀವೇ ಮಾಡ್ಕೊಂಡಿದ್ದು. ಉರಿಗೆ ಬ್ಲಡ್ ಟೆಸ್ಟ್ ಬರೆದ್ರು, ಬಿ12 ಕಮ್ಮಿ ಇತ್ತು.

ಮನಸ್ಸಿನ ಡಾಕ್ಟರ ಹತ್ರ ಹೋಗೋಕೆ ಧೈರ್ಯ ಸಾಲದೆ ಮೊದ್ಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ (14416) ಫೋನ್ ಮಾಡಿ ಮಾತಾಡಿ ಆಮೇಲೆ ಹೋದೆ. ಆ ಡಾಕ್ಟರು ಹೇಳಿದ್ದು ಇಷ್ಟೇ, ನೋಡ್ಬೇಕು ಅನ್ಸಿದಾಗ ಹದಿನೈದು ನಿಮಿಷ ಮುಂದೂಡು, ನೋಡಿದಾಗೆಲ್ಲ ಬುಕ್ಕಲ್ಲಿ ಗೆರೆ ಎಳಿ. ಮೊದಲ ದಿನ 34 ಗೆರೆ, ನಂಗೇ ಶಾಕ್. ಫೋಟೋ ಎಲ್ಲ ಡಿಲೀಟ್ ಮಾಡೋಕೇ ಒಂದು ವಾರ ಬೇಕಾಯ್ತು, ನಾಳೆ ಡಾಕ್ಟರ್ ಕೇಳಿದ್ರೆ ಅಂತ. ಎರಡು ತಿಂಗಳಿಗೆ ದಿನಕ್ಕೆ ಮೂರು ನಾಲ್ಕು ಗೆರೆಗೆ ಇಳೀತು, ಮಧ್ಯ ಒಂದು ವಾರ ಜ್ವರ ಬಂದು ಮತ್ತೆ ಇಪ್ಪತ್ತು ದಾಟಿತ್ತು.

ಮೊನ್ನೆ ಕೋಡುಬಳೆ ಚುಚ್ಚಿ ಕೆನ್ನೆ ಒಳಗೆ ಹುಣ್ಣಾಯ್ತು. ಎರಡು ಗೆರೆ.